ಪೆಟ್ಟಿಗೆಯ ಮೇಲಿನ ಇಂಚು, ಬೆರಳಿಗೆ ತಾಗುವ ಇಂಚು

ಹೋದ ತಿಂಗಳು ಒಂದು ಶನಿವಾರ ರಾತ್ರಿ ಫೋನು ಬಂತು. ಡೊಂಬಿವಿಲಿಯವರು, ಮೂಲ ಉಡುಪಿ ಕಡೆ. ಅವರ ಹನ್ನೊಂದು ವರ್ಷದ ಮಗಳು ಐದು ತಿಂಗಳಿಂದ ನನ್ನ ವಾರಾಂತ್ಯದ ಗಿಟಾರ್ ಕ್ಲಾಸಿಗೆ ಬರುತ್ತಾಳೆ.

"ಸರ್, ಇವಳಿಗೆ ಇದು ಆಗುವುದಿಲ್ಲ ಅಂತ ಕಾಣ್ತದೆ. ಮನೆಯಲ್ಲಿ ಗಿಟಾರ್ ತೆಗೆದರೆ ಅಳ್ತಾಳೆ. ಯಾರಾದರೂ ತಗೊಳ್ಳುವವರಿದ್ದರೆ ಹೇಳಿ, ಕೊಟ್ಟುಬಿಡ್ತೇವೆ."

ನನಗೆ ಆಶ್ಚರ್ಯ. ಕ್ಲಾಸಿನಲ್ಲಿ ಹುಡುಗಿ ಚೆನ್ನಾಗಿಯೇ ನುಡಿಸುತ್ತಾಳೆ. "ಇಲ್ಲಿ ಬರುತ್ತೆ ಸರ್, ಮನೆಯಲ್ಲಿ ಬರಲ್ಲ" ಅಂತ ಅವಳು ಎರಡು ಮೂರು ಸಲ ಹೇಳಿದ್ದಳು. ಅಭ್ಯಾಸ ತಪ್ಪಿಸುವ ಮಕ್ಕಳೆಲ್ಲ ಹೇಳುವ ಮಾತು ಅದು, ಹಾಗಾಗಿ ನಾನು ಗದರಿಸಿ ಸುಮ್ಮನಾಗಿದ್ದೆ. ಲೋಕಲ್ ಟ್ರೇನಿನಲ್ಲಿ ಗಿಟಾರ್ ಹೊತ್ತು ಬರುವುದು ಯಾರಿಗೂ ಬೇಡವೆಂದು ಕ್ಲಾಸಿನಲ್ಲಿ ನಾಲ್ಕು ಗಿಟಾರ್ ಇಟ್ಟಿದ್ದೇನೆ. ಅವಳ ಕೈಗೆ ಸಿಗುತ್ತಿದ್ದದ್ದು ಅದರಲ್ಲಿ ಚಿಕ್ಕದು. ಮನೆಯದು ಹೇಗಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಭಾನುವಾರ ಅವರ ಮನೆಗೆ ಹೋದೆ, ಟೈಲರ್ ಟೇಪು ಜೇಬಿನಲ್ಲಿಟ್ಟುಕೊಂಡು. ತಾಯಿ ಪೆಟ್ಟಿಗೆ ತೋರಿಸಿದರು. "ಅಂಗಡಿಯವರು ದೊಡ್ಡವರಿಗೆ 41 ಇಂಚು, ಮಕ್ಕಳಿಗೆ 39 ಅಂದರು. ನಾವು 39 ತಂದದ್ದು." ಹೆಚ್ಚಿನವರು ಎಡವುವುದು ಇಲ್ಲೇ. 38, 39, 41 ಎಂಬುದು ತಲೆಯಿಂದ ಬುಡದವರೆಗೆ ಇಡೀ ವಾದ್ಯದ ಉದ್ದ. ಅದು ಬೇಕಾಗುವುದು ಚೀಲ ಹೊಲಿಸುವವನಿಗೆ! ಬೆರಳಿಗೆ ಬೇಕಾದ ಲೆಕ್ಕ ಬೇರೆ, ಅದಕ್ಕೆ ಸ್ಕೇಲ್ ಲೆಂತ್ ಅನ್ನುತ್ತಾರೆ. (ಸರಿಗಮದ ಸ್ಕೇಲಿಗೂ ಇದಕ್ಕೂ ಸಂಬಂಧವಿಲ್ಲ. ಈ ಗೊಂದಲ ಹೊಸ ಬ್ಯಾಚಿನಲ್ಲಿ ಪ್ರತಿ ಸಲ ಒಬ್ಬರಿಗಾದರೂ ಆಗುತ್ತದೆ.)

ತಲೆಯ ಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ ನಟ್. ಕೆಳಗೆ ಹೊಟ್ಟೆಯ ಮೇಲೆ ಸ್ಯಾಡಲ್, ವೀಣೆಯಲ್ಲಿ ನಾವು ಕುದುರೆ ಅನ್ನುತ್ತೇವಲ್ಲ, ಅದೇ ಕೆಲಸದ್ದು. ಇವೆರಡರ ನಡುವೆ ತಂತಿ ಕಂಪಿಸುವ ಉದ್ದವೇ ಸ್ಕೇಲ್ ಲೆಂತ್. ಸ್ಯಾಡಲ್ ತುಸು ಓರೆಯಾಗಿರುವುದರಿಂದ ನೇರ ಅಳೆದರೆ ತಪ್ಪುತ್ತದೆ. ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ. ಅವಳದ್ದು 32.4 ಸೆಂ.ಮೀ. ಬಂತು, ಅಂದರೆ 648 ಮಿ.ಮೀ., 25.5 ಇಂಚು. ಫೆಂಡರ್ ಸ್ಟ್ರಾಟೊಕ್ಯಾಸ್ಟರಿಗೆ ಇರುವ ಉದ್ದವೂ ಅದೇ. ಮಕ್ಕಳದ್ದೆಂದು ಕೊಟ್ಟದ್ದು ಪೂರ್ತಿ ದೊಡ್ಡವರ ಗಿಟಾರು. ಕ್ಲಾಸಿನ ಚಿಕ್ಕದು 58 ಸೆಂ.ಮೀ., ಮುಕ್ಕಾಲು ಸೈಜು ಅನ್ನುವುದು.

ಈ ಏಳು ಸೆಂಟಿಮೀಟರ್ ಬೆರಳಿಗೆ ಏನು ಮಾಡುತ್ತದೆ? ಫ್ರೆಟ್‌ಗಳ ಅಂತರವೆಲ್ಲ ಸ್ಕೇಲ್ ಲೆಂತ್‌ನ ಪಾಲು. 648ರಲ್ಲಿ ಮೊದಲ ಫ್ರೆಟ್‌ನಿಂದ ಮೂರನೆಯದಕ್ಕೆ ಸುಮಾರು 67 ಮಿ.ಮೀ., 580ರಲ್ಲಿ 60. ದೊಡ್ಡವರ ಕೈಗೆ ಏಳು ಮಿಲಿಮೀಟರ್ ಲೆಕ್ಕಕ್ಕಿಲ್ಲ, ಹನ್ನೊಂದರ ಕೈಗೆ ಅದೇ ಬೆಟ್ಟ. ಇನ್ನೊಂದು ಬಿಗಿತ. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಬೇಕಾದರೆ ಎಳೆತವು ಉದ್ದದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 580ರಲ್ಲಿ ಎಳೆತ ಸುಮಾರು ಶೇಕಡ 20 ಕಡಿಮೆ. ಅಂದರೆ ಮನೆಯಲ್ಲಿ ಅವಳು ಇನ್ನಷ್ಟು ದೂರ ಕೈಚಾಚಿ ಇನ್ನಷ್ಟು ಗಟ್ಟಿಯಾಗಿ ಒತ್ತಬೇಕಿತ್ತು. ನಾನು ಬೈದದ್ದು ಆ ಹುಡುಗಿಯನ್ನು.

ಅಂಗಡಿಯವರು ಬದಲಿಸಿ ಕೊಡುವುದಿಲ್ಲ ಅಂದಿದ್ದರಂತೆ. ಹಾಗಾಗಿ ಒಂದು ಉಪಾಯ ಮಾಡಿದೆ. ಆರೂ ತಂತಿಗಳನ್ನು ಒಂದು ಪೂರ್ಣ ಸ್ವರ ಇಳಿಸಿ, ಎರಡನೇ ಫ್ರೆಟ್‌ಗೆ ಕೇಪೋ ಹಾಕಿದೆ. (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು ಅದು.) ಶ್ರುತಿ ಮತ್ತೆ ಮಾಮೂಲಿಗೆ ಬರುತ್ತದೆ, ತಂತಿಯ ಉದ್ದ ಮಾತ್ರ 577 ಮಿ.ಮೀ.ಗೆ ಇಳಿಯುತ್ತದೆ. ಕ್ಲಾಸಿನ ಗಿಟಾರಿನ ಲೆಕ್ಕವೇ ಆಯಿತು. ಹುಡುಗಿ ಎಫ್ ಕಾರ್ಡ್ ಹಿಡಿದಳು. ಒಂದು ತಂತಿ ಜುಯ್ ಅಂದಿತು, ಉಳಿದ ಐದೂ ನುಡಿದವು. ತಾಯಿ ಅಡುಗೆಮನೆಯಿಂದ ಹೊರಗೆ ಬಂದರು.

ಈ ಪರೀಕ್ಷೆಯಲ್ಲಿ ಒಂದು ಮೋಸವಿದೆ. ನಟ್ ಎತ್ತರವಾಗಿದ್ದರೂ ಮೊದಲ ಫ್ರೆಟ್‌ನಲ್ಲಿ ಒತ್ತುವುದು ಕಷ್ಟ, ಕೇಪೋ ಹಾಕಿದರೆ ಆ ದೋಷವೂ ಮರೆಯಾಗುತ್ತದೆ. ಅದಕ್ಕೇ ಮೊದಲು ಅರ್ಧ ಸ್ವರ ಇಳಿಸಿ ಒಂದನೇ ಫ್ರೆಟ್‌ಗೆ ಹಾಕಿ ನೋಡಬೇಕು. ಅಲ್ಲಿಗೇ ಎಲ್ಲ ಸಲೀಸಾದರೆ ಅನುಮಾನ ನಟ್‌ನ ಮೇಲೆ ಹೋಗಲಿ. ರಿಪೇರಿ ಬಲ್ಲವರಿಗೆ ಅದು ಸಣ್ಣ ಕೆಲಸ, ಹೊಸ ಗಿಟಾರ್ ಬೇಕಿಲ್ಲ. ಇವಳಿಗೆ ಒಂದನೇ ಫ್ರೆಟ್‌ನಲ್ಲಿ ಅಷ್ಟೇನೂ ಸುಖವಾಗಿರಲಿಲ್ಲ.

ಇಷ್ಟು ಓದಿ, "ನನ್ನ ಬೆರಳೂ ಗಿಡ್ಡ, ನನಗೂ ಚಿಕ್ಕದೇ ಇರಲಿ" ಅನ್ನುವ ನಲವತ್ತರ ಗೆಳೆಯರು ನಮ್ಮಲ್ಲಿ ಇದ್ದಾರೆ. ಸ್ವಲ್ಪ ತಾಳಿ. ಗಿಬ್ಸನ್ ಲೆಸ್ ಪಾಲ್ ಸುಮಾರು 24.75 ಇಂಚು, ಫೆಂಡರ್ 25.5. ನಾನು ಮೇಲೆ ಹೇಳಿದ ಅಂತರದಲ್ಲಿ ಇವೆರಡಕ್ಕೂ ವ್ಯತ್ಯಾಸ ಎರಡೇ ಮಿಲಿಮೀಟರ್. ನಿಮಗೆ ಗೊತ್ತಾಗುವುದು ಚಾಚುವುದರಲ್ಲಿ ಅಲ್ಲ, ಬಿಗಿತದಲ್ಲಿ. ಅದು ಸುಮಾರು ಶೇಕಡ 6 ಬೇರೆ, ತಂತಿ ಎಳೆದು ಸ್ವರ ಜಾರಿಸುವಾಗ ಚೆನ್ನಾಗಿ ತಿಳಿಯುತ್ತದೆ. ಬರೀ ಬಿಗಿತದ್ದೇ ತೊಂದರೆಯಾದರೆ ತೆಳು ತಂತಿಯ ಸೆಟ್ಟು ಹಾಕಿಸಿ ನೋಡಿ, ಅಗ್ಗದಲ್ಲಿ ಮುಗಿಯುತ್ತದೆ. ತೀರ ಚಿಕ್ಕದರಲ್ಲಿ ಕೆಳಗಿನ ಸ್ವರಗಳ ತಂತಿ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತದೆ, ನಾದವೂ ಬಡವಾಗುತ್ತದೆ. ಬೇಸ್ ಗಿಟಾರ್ ಕಲಿಯುವವರ ಮಾತು ಬೇರೆ. ಅಲ್ಲಿ 34 ಇಂಚು ವಾಡಿಕೆ, ಪಾಲ್ ಮೆಕಾರ್ಟ್ನಿಯ ಪಿಟೀಲಿನಾಕಾರದ ಹಾಫ್ನರ್ ಸುಮಾರು 30. ನಾಲ್ಕು ಇಂಚು ಯಾವ ಕೈಗೂ ಗೊತ್ತಾಗುತ್ತದೆ.

ಧೋಬಿ ತಲಾವ್‌ಗೋ ಇನ್ನೆಲ್ಲಿಗೋ ಗಿಟಾರ್ ನೋಡಲು ಹೋಗುವಾಗ ಟೇಪು ಒಯ್ಯಿರಿ, ನಾಚಿಕೆಪಡಬೇಡಿ. ಆನ್‌ಲೈನಿನಲ್ಲಾದರೆ ವಿವರದಲ್ಲಿ ಸ್ಕೇಲ್ ಲೆಂತ್ ಬರೆದಿದೆಯೇ ನೋಡಿ, ಬರೆಯದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಕೊಳ್ಳುವುದು ಮಗುವಿಗಾದರೆ ಮಗುವನ್ನೂ ಕರೆದುಕೊಂಡು ಹೋಗಿ. ಹುಟ್ಟುಹಬ್ಬಕ್ಕೆ ಗುಟ್ಟಾಗಿ ತಂದ ಗಿಟಾರುಗಳನ್ನು ನಾನು ಬಹಳ ನೋಡಿದ್ದೇನೆ, ಹೆಚ್ಚಿನವು ಕಪಾಟಿನ ಮೇಲಿವೆ.

ಮಾರುವ ಮಾತು ಸದ್ಯಕ್ಕೆ ನಿಂತಿದೆ. ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ, ಅವಳು ನಕ್ಕು ಸುಮ್ಮನಾದಳು. ಮೊನ್ನೆ ಕ್ಲಾಸಿನಲ್ಲಿ, "ಸರ್, ಕೇಪೋ ಯಾವಾಗ ತೆಗೆಯುವುದು?" ಅಂದಳು. ದೀಪಾವಳಿ ಕಳೆಯಲಿ, ಒಂದನೇ ಫ್ರೆಟ್‌ಗೆ ಇಳಿಸಿ ನೋಡೋಣ ಅಂದಿದ್ದೇನೆ.