ಕಪಿಲೆಯ ದಡದಲ್ಲಿ ದಂಪತಿಗಳು

ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಇಬ್ಬರೇ ಕೆಲವು ದಿನ ಹೊರಗೆ ಹೋಗಿ ಇದ್ದು ಬರುವ ರೂಢಿ ನಮ್ಮ ಮನೆತನಗಳಲ್ಲಿಯೂ ನೆಲೆಗೊಂಡಿದೆ. ಅದನ್ನು ಮಧುಚಂದ್ರವೆಂದು ಕರೆಯುತ್ತಾರೆ. ಈ ಶಬ್ದವು ಇಂಗ್ಲಿಷಿನ ಹನಿಮೂನ್ ಎಂಬುದರ ಭಾಷಾಂತರ. ಶಬ್ದವು ಹೊರಗಿನದಾದ ಕಾರಣ ಆಚಾರವೂ ಹೊರಗಿನದೇ ಎಂದು ಹಿರಿಯರಲ್ಲಿ ಹಲವರು ಮುನಿಸಿಕೊಳ್ಳುತ್ತಾರೆ. ಈ ಮುನಿಸಿಗೆ ಪೂರ್ಣ ಆಧಾರವಿಲ್ಲ. ಮಹಾಕಾವ್ಯದಲ್ಲಿ ಇರತಕ್ಕವೆಂದು ನಮ್ಮ ಲಾಕ್ಷಣಿಕರು ಎಣಿಸಿದ ಹದಿನೆಂಟು ವರ್ಣನೆಗಳಲ್ಲಿ ವನವಿಹಾರವೂ ಜಲಕ್ರೀಡೆಯೂ ಸೇರಿವೆ. ಒಲಿದ ಇಬ್ಬರನ್ನು ಮನೆಯ ಗೋಡೆಗಳಾಚೆ, ಗಿಡಮರ ನೀರುಗಳ ನಡುವೆ ಕಾಣುವ ಹಂಬಲ ನಮ್ಮ ಕವಿಗಳಿಗೂ ಇತ್ತು. ಆದಕಾರಣ ಹೋಗಬಹುದೇ ಎಂಬ ಚರ್ಚೆಯನ್ನು ಇಲ್ಲಿಗೆ ಬಿಟ್ಟು, ಹೋದವರು ಹೇಗೆ ಇರಬೇಕೆಂಬುದನ್ನು ಈ ಸಲ ವಿಚಾರ ಮಾಡೋಣ.

ಇಂದು ದಂಪತಿಗಳು ಬಯಸಿ ಹೋಗುವ ತಾಣಗಳಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಕಬಿನಿಯೂ ಒಂದು. ಕಪಿಲೆಯೆಂದೂ ಕರೆಯಿಸಿಕೊಳ್ಳುವ ಈ ನದಿ ಕೇರಳದ ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ 1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರು ಹಿಂದಕ್ಕೆ ಹರಡಿ ವಿಶಾಲವಾದ ಜಲಾಶಯವಾಯಿತು. ಅದರ ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಬಂಡೀಪುರದ ಕಾಡು. ಹಿಂದೆ ಇದು ಮೈಸೂರು ಅರಸರ ಬೇಟೆಯ ನೆಲ. ಕಾಕನಕೋಟೆಯಲ್ಲಿ ಆನೆಗಳನ್ನು ಅಟ್ಟಿ ತಂದು ಸೆರೆಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಅದರಲ್ಲಿ ಕಡೆಯದು ನಡೆದುದು 1971ರಲ್ಲಿ. ಕರ್ನಾಟಕ ಸರ್ಕಾರವು 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಬಳಿಕ ಕಾರಾಪುರದಲ್ಲಿದ್ದ ಅರಸರ ಬೇಟೆಯ ಬಂಗಲೆ ಪ್ರವಾಸಿಗಳ ವಸತಿಗೃಹವಾಯಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರು ಮೊದಲು ಸ್ವತಃ ಬೇಟೆಗಾರರಾಗಿದ್ದವರು. ಮುಂದೆ ಬಂದೂಕನ್ನು ಕೆಳಗಿಟ್ಟು ಕಾಡಿನ ರಕ್ಷಣೆಗೆ ನಿಂತರು. ಅವರು 2010ರಲ್ಲಿ ನಿಧನರಾದರು. ಕೊಲ್ಲಲು ಬರುತ್ತಿದ್ದವರ ಮನೆ ನೋಡಿ ನಲಿಯುವವರ ಮನೆಯಾದುದು ಸಂತೋಷದ ಸಂಗತಿ.

ಬೇಸಿಗೆಯಲ್ಲಿ ಜಲಾಶಯದ ನೀರು ಇಳಿಯುತ್ತದೆ. ಬಯಲಾದ ನೆಲದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಸುತ್ತಣ ಕಾಡುಗಳು ಒಣಗಿರುವ ಆ ತಿಂಗಳುಗಳಲ್ಲಿ ನೀರನ್ನೂ ಹುಲ್ಲನ್ನೂ ಅರಸಿ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿದು ಬರುತ್ತವೆ. ಹಿರಿಯ ಹೆಣ್ಣಾನೆ ಮುಂದೆ, ಮರಿಗಳು ನಡುವೆ, ಉಳಿದ ತಾಯಂದಿರು ಸುತ್ತ. ಸಂಜೆಯ ಬೆಳಕಿನಲ್ಲಿ ಈ ಕುಟುಂಬವನ್ನು ಕಂಡವರಿಗೆ ಮಾತು ತಾನಾಗಿಯೇ ನಿಲ್ಲುತ್ತದೆ.

ಆ ಮೌನದಲ್ಲಿಯೇ ಇಂತಹ ಪ್ರವಾಸದ ಸಾರವಿದೆ. ಮಠದ ಅಂಗಳದಲ್ಲಿ ಬೆಳೆದ ನಮ್ಮೊಡನೆ ಗೃಹಸ್ಥರು ತಮ್ಮ ಒಳಗುದಿಯನ್ನು ತೋಡಿಕೊಳ್ಳುವುದುಂಟು. ತುಂಬಿದ ಮನೆಗೆ ಬಂದ ಸೊಸೆಗೆ ಗಂಡನೊಡನೆ ನೆಮ್ಮದಿಯಾಗಿ ಮಾತಾಡಲು ಅರ್ಧ ಗಳಿಗೆಯೂ ದೊರೆಯದು. ಹೇಳಬೇಕಾದುದನ್ನು ಹೇಳದೆ ಉಳಿದ ಸಣ್ಣ ಅಸಮಾಧಾನ ಒಳಗೊಳಗೆ ಬೆಳೆದು, ವರ್ಷ ಎರಡು ವರ್ಷದಲ್ಲಿ ಹಿರಿಯರ ಪಂಚಾಯಿತಿಗೆ ಬರುತ್ತದೆ. ಆಗ ಕೂಡಿಸಲು ಹೋದರೆ ಕೂಡುವುದು ಕಷ್ಟ. ಇನ್ನು ಮೂವತ್ತು ವರ್ಷ ಒಲೆಯ ಮುಂದೆ ನಿಂತ ತಾಯಿಯ ಸ್ಥಿತಿಯನ್ನು ನೋಡಿರಿ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಂಡವಳು ಆಕೆ. ಬೇರೆಯವರು ಬಡಿಸಿದ ಬಿಸಿ ಅನ್ನವನ್ನು ಕುಳಿತು ಉಣ್ಣುವುದು, ಹೊಳೆಯ ದಡದಲ್ಲಿ ಗಂಡನ ಪಕ್ಕದಲ್ಲಿ ಕೆಲಸವಿಲ್ಲದೆ ಕೂಡುವುದು ಅವಳಿಗೆ ದೊಡ್ಡ ಸಂಪತ್ತು. ಇಂತಹ ವಿಹಾರವು ಹೊಸಬರಿಗಿಂತ ಹಳಬರಿಗೇ ಹೆಚ್ಚು ಅಗತ್ಯವೆಂದು ನಾವು ಬಗೆಯುತ್ತೇವೆ.

ಹೀಗೆ ಹೋದವರು ತಾವು ಅಲ್ಲಿಯ ಅತಿಥಿಗಳೆಂಬುದನ್ನು ಮರೆಯಬಾರದು. ಆ ಸೀಮೆಯ ಐಷಾರಾಮಿ ವಸತಿಗಳಲ್ಲೊಂದು ಕಾಡುಕುರುಬರ ಹಾಡಿಯ ಮಾದರಿಯಲ್ಲಿ ಕೊಠಡಿಗಳನ್ನು ಕಟ್ಟಿಸಿದೆ. ಹೊರಗೆ ನೋಡಲು ಗುಡಿಸಲು. ಒಳಗೆ ಸಕಲ ಭೋಗ, ಕೆಲವಕ್ಕೆ ಪ್ರತ್ಯೇಕ ಈಜುಕೊಳ. ಆದರೆ ನಿಜವಾದ ಹಾಡಿಗಳಲ್ಲಿ ಬಾಳಿದ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಲ್ಲಿ ಎಷ್ಟೋ ಅಣೆಕಟ್ಟಿಗಾಗಿ, ಅಭಯಾರಣ್ಯಕ್ಕಾಗಿ ನೆಲೆ ಬಿಟ್ಟವು. ನಾಗರಹೊಳೆಯ ಒಳಗಿನ ಮೂರ್ಕಲ್ಲಿನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟಾಗ ಆದಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. ಕಾಡಂಚಿನ ರೈತರ ಬಾಳೂ ಸುಲಭವಲ್ಲ. ಹುಲಿಯ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರಿನಲ್ಲಿ ಸರ್ಕಾರವು ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿತು. ಹುಲಿಯನ್ನು ಕಾಣಲು ಹಣ ತೆರುವ ಮನೆಗೂ, ಹುಲಿಗೆ ಅಂಜಿ ಹೊಲಕ್ಕೆ ಹೋಗುವ ಮನೆಗೂ ನಡುವೆ ಕೆಲವೇ ಹರದಾರಿಗಳ ಅಂತರ. ಈ ಅರಿವಿಲ್ಲದ ವಿಹಾರವು ಬರಿಯ ಭೋಗವಾಗುತ್ತದೆ.

ಆದಕಾರಣ ಹೋಗುವವರಿಗೆ ನಾಲ್ಕು ಮಾತು. ಸಾಲ ಮಾಡಿ ಹೋಗಬಾರದು. ಎರಡು ರಾತ್ರಿಯ ಸುಖಕ್ಕಾಗಿ ಎರಡು ವರ್ಷ ಕಂತು ಕಟ್ಟುವ ಮನೆಯಲ್ಲಿ ಒಲವು ಬಹಳ ದಿನ ಉಳಿಯದು. ಶಕ್ತಿಯಿಲ್ಲದವರು ಊರ ಹತ್ತಿರದ ಹೊಳೆಗೋ ಬೆಟ್ಟಕ್ಕೋ ಬುತ್ತಿ ಕಟ್ಟಿಕೊಂಡು ಹೋದರೂ ಫಲ ಒಂದೇ. ಎರಡನೆಯದಾಗಿ, ಕಾಡಿನಲ್ಲಿ ಗದ್ದಲ ಮಾಡಬಾರದು. ಪ್ರಾಣಿಗಳಿಗೆ ತಿನಿಸು ಎಸೆಯಬಾರದು. ಹುಲಿ ಕಾಣಲಿಲ್ಲವೆಂದು ವಾಹನದ ಚಾಲಕನನ್ನು ಪೀಡಿಸಬಾರದು. ಮೂರನೆಯದಾಗಿ, ಕೊಠಡಿ ಗುಡಿಸುವ, ದೋಣಿ ನಡೆಸುವ ಸ್ಥಳೀಯರ ಹೆಸರು ಕೇಳಿ, ಅವರ ಕಾಯಕಕ್ಕೆ ಮರ್ಯಾದೆ ಕೊಟ್ಟು ಮಾತಾಡಿಸಬೇಕು. ನಾಲ್ಕನೆಯದಾಗಿ, ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಒಬ್ಬರ ಮಾತನ್ನು ಇನ್ನೊಬ್ಬರು ಕಡೆಯವರೆಗೆ ಕೇಳಬೇಕು. ತನಗೆ ಬೇಕಾದುದೇನೆಂದು ಆಕೆ ಹೇಳಲಿ. ತನ್ನ ಅಂಜಿಕೆ ಏನೆಂದು ಆತನೂ ಹೇಳಲಿ.

ಹಿರಿಯರಿಗೂ ಒಂದು ಮಾತು. ಆ ವಸತಿಗೃಹಗಳು ಬೆಲೆ ಕಟ್ಟಿ ಮಾರುವ ಸರಕುಗಳಲ್ಲಿ ಮೃದುವಾದ ಹಾಸಿಗೆಗಿಂತ ಬಿಡುವೇ ದೊಡ್ಡದು. ಅದನ್ನು ಮನೆಯಲ್ಲಿಯೇ ಕೊಡಲು ಕಾಸೂ ಖರ್ಚಿಲ್ಲ. ವಾರಕ್ಕೊಂದು ಸಂಜೆ ಮೊಮ್ಮಕ್ಕಳನ್ನು ತಾವು ನೋಡಿಕೊಂಡು, ಅಡುಗೆಯನ್ನು ತಾವು ಮಾಡಿಕೊಂಡು, ಮಗ ಸೊಸೆಯರನ್ನು ಕೆರೆಯ ಏರಿಯ ಮೇಲೆ ತಿರುಗಾಡಿ ಬರಲು ಕಳಿಸಿರಿ. ಎಲ್ಲಿಗೆ ಹೋಗಿದ್ದಿರಿ, ಏನು ಮಾತಾಡಿದಿರಿ ಎಂದು ಮಾತ್ರ ಕೇಳಬೇಡಿರಿ.