ಕಾರ್ಡಿಗಿದೆ ಕಾವಲು, ಮೊಬೈಲಿಗಿಲ್ಲ!

1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿದ ಊರು ನಮ್ಮ ಮಂಗಳೂರು. ಲೆಕ್ಕ ನಮಗೆ ಹೊಸತಲ್ಲ. ಹಾಗಾದ್ರೆ ಪರ್ಸಿನಿಂದ ಡೆಬಿಟ್ ಕಾರ್ಡ್ ತೆಗೀರಿ. ನಂಬರ್ ಯಾರಿಗೂ ಹೇಳ್ಬೇಡಿ!

ಅದರ 16 ಅಂಕಿಗಳಲ್ಲಿ ಎಡದಿಂದ 1, 3, 5ನೆಯದು, ಹೀಗೆ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ. ಉತ್ತರ 9 ದಾಟಿದರೆ 9 ಕಳೆಯಿರಿ. ಉಳಿದ ಅಂಕಿಗಳನ್ನೂ ಸೇರಿಸಿ ಎಲ್ಲ ಕೂಡಿಸಿ. ಮೊತ್ತದ ಕೊನೆಗೆ ಸೊನ್ನೆ ಬರಲೇಬೇಕು. ಒಂದೇ ಅಂಕಿ ತಪ್ಪಿದ್ರೂ ಬರೋದಿಲ್ಲ. ಇದು ಐಬಿಎಂನ ಹಾನ್ಸ್ ಪೀಟರ್ ಲೂನ್ ಕಂಡುಹಿಡಿದ ಉಪಾಯ.

ಮೊಬೈಲ್ ನಂಬರಿನ 10 ಅಂಕಿಗಳಿಗೆ ಈ ಕಾವಲಿಲ್ಲ. ನೀವು ಒತ್ತಿದ ತಪ್ಪು ನಂಬರ್ ಇನ್ಯಾರದ್ದೋ ಸರಿಯಾದ ನಂಬರ್ ಆಗಿರಬಹುದು. ಮೀನು ಮಾರ್ಕೆಟಿನ ಗಡಿಬಿಡಿಯಲ್ಲೂ ಯುಪಿಐ ಪಿನ್ ಒತ್ತುವ ಮೊದಲು ಸ್ಕ್ರೀನಿನಲ್ಲಿ ಬಂದ ಹೆಸರು ಓದಿ. ಅಲ್ಲಿ ಕಾವಲುಗಾರ ನೀವೇ.