ಪ್ರಮೇಯ ಬಾಯಿಪಾಠಕ್ಕಲ್ಲ, ಬದು ಅಳೆಯುವುದಕ್ಕೆ

ಮದ್ದೂರು ತಾಲ್ಲೂಕಿನ ವೈದ್ಯನಾಥಪುರದ ಹಾಗೆ ಶಿಂಷಾ ನದಿ ಪಕ್ಕದಲ್ಲಿರುವ ಊರುಗಳಲ್ಲಿ ಗದ್ದೆಗಳೆಲ್ಲ ಪುಸ್ತಕದ ಚೌಕದಂತೆ ಇರುವುದಿಲ್ಲ. ಇಂಥ ಸೊಟ್ಟ ಗದ್ದೆ ಎಷ್ಟು ಗುಂಟೆ ಎಂದು ತಿಳಿಯಲು ಹಳ್ಳಿಗಳಲ್ಲಿ ಒಂದು ಸುಲಭದ ಲೆಕ್ಕ ಇದೆ. ಮೂಡಲು, ಪಡುವಲು ಬದುಗಳ ಉದ್ದ ಕೂಡಿಸಿ ಅರ್ಧ ಮಾಡಿ. ತೆಂಕಲು, ಬಡಗಲು ಬದುಗಳನ್ನೂ ಹಾಗೇ ಮಾಡಿ. ಎರಡನ್ನೂ ಗುಣಿಸಿ, 1,089ರಿಂದ ಭಾಗಿಸಿ. ಗುಂಟೆ ಸಿಕ್ಕಿತು.

ಈ ಲೆಕ್ಕ ಸರಿಯೇ? ನಾಲ್ಕು ಮೂಲೆಯೂ ಲಂಬಕೋನವಾಗಿದ್ದರೆ ಸರಿ. ಇಲ್ಲದಿದ್ದರೆ ಇದು ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಒಮ್ಮೆಯೂ ಕಡಿಮೆ ತೋರಿಸುವುದಿಲ್ಲ.

ಒಂದು ಉದಾಹರಣೆ ನೋಡಿ. ನಾಲ್ಕೂ ಬದು 165 ಅಡಿ ಇರುವ ಗದ್ದೆ. ನಮ್ಮ ಲೆಕ್ಕದಲ್ಲಿ 25 ಗುಂಟೆ. ಆದರೆ ಗದ್ದೆ ಸ್ವಲ್ಪ ಓರೆಯಾಗಿದ್ದು, ಮೂಲೆಯಿಂದ ಮೂಲೆಗೆ ಅಳೆದಾಗ ಒಂದು ಕಡೆ 264 ಅಡಿ, ಇನ್ನೊಂದು ಕಡೆ 198 ಅಡಿ ಬಂದರೆ, ನಿಜವಾದ ವಿಸ್ತೀರ್ಣ 24 ಗುಂಟೆ ಮಾತ್ರ. ಕೊಳ್ಳುವವನು ಇಲ್ಲದ ಒಂದು ಗುಂಟೆಗೆ ದುಡ್ಡು ಕೊಡುತ್ತಾನೆ. ಎಕರೆ ಲೆಕ್ಕದಲ್ಲಿ ಉಳುವ ಟ್ರ್ಯಾಕ್ಟರಿನವನಿಗೆ ಲಾಭ, ಗುತ್ತಿಗೆ ಕಟ್ಟುವ ರೈತನಿಗೆ ನಷ್ಟ.

"ಒಂದು ಗದ್ದೆಯಲ್ಲಿ ಹೀಗಾಯಿತು, ಎಲ್ಲ ಕಡೆಯೂ ಹೀಗೇ ಅಂತ ಹೇಗೆ ಹೇಳ್ತೀರಿ?" ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ನೂರು ಗದ್ದೆ ಅಳೆದು ತೋರಿಸಿದರೂ ನೂರಾ ಒಂದನೆಯದರ ಬಗ್ಗೆ ಅನುಮಾನ ಉಳಿಯುತ್ತದೆ. ಆ ಅನುಮಾನವನ್ನು ಪೂರ್ತಿ ತೆಗೆಯುವುದೇ ಸಾಧನೆ. ಇದಕ್ಕೆ ಮೂರೇ ಹೆಜ್ಜೆ ಸಾಕು.

ಮೊದಲನೆಯದು. ತ್ರಿಕೋನದ ವಿಸ್ತೀರ್ಣ ಪಾದ ಗುಣಿಸು ಎತ್ತರದ ಅರ್ಧ. ಒಂದು ಬದುವನ್ನು ಪಾದ ಎಂದುಕೊಳ್ಳಿ, ಪಕ್ಕದ ಬದುವನ್ನು ಅದರ ಮೇಲೆ ನಿಲ್ಲಿಸಿದ ಕೋಲು ಎಂದುಕೊಳ್ಳಿ. ಕೋಲು ನೆಟ್ಟಗೆ ನಿಂತಾಗಲೇ ಅದರ ತುದಿ ಅತಿ ಎತ್ತರ. ವಾಲಿದರೆ ತಗ್ಗುತ್ತದೆ. ಹಾಗಾಗಿ ತ್ರಿಕೋನದ ವಿಸ್ತೀರ್ಣ ಎರಡು ಬದುಗಳ ಗುಣಲಬ್ಧದ ಅರ್ಧವನ್ನು ಮೀರಲಾರದು.

ಎರಡನೆಯದು. ಮೂಲೆಗಳೆಲ್ಲ ಹೊರಮುಖವಾಗಿರುವ ಗದ್ದೆಗೆ ಮೂಲೆಯಿಂದ ಮೂಲೆಗೆ ಹಗ್ಗ ಕಟ್ಟಿ. ಎರಡು ತ್ರಿಕೋನ ಆಯಿತು. ಒಂದರಲ್ಲಿ ಮೂಡಲು ಮತ್ತು ತೆಂಕಲು ಬದು, ಇನ್ನೊಂದರಲ್ಲಿ ಪಡುವಲು ಮತ್ತು ಬಡಗಲು. ಗದ್ದೆ ಈ ಎರಡು ಗುಣಲಬ್ಧಗಳ ಮೊತ್ತದ ಅರ್ಧವನ್ನು ಮೀರದು. ಹಗ್ಗವನ್ನು ಇನ್ನೆರಡು ಮೂಲೆಗೆ ಕಟ್ಟಿದರೆ ಜೋಡಿ ಬದಲಾಗುತ್ತದೆ, ಮಾತು ಅದೇ.

ಮೂರನೆಯದು. ಆ ಎರಡು ಮಿತಿಗಳ ಸರಾಸರಿ ತೆಗೆಯಿರಿ. ಬರುವುದು ಬೇರೇನಲ್ಲ, ನಾವು ಮೊದಲು ಹೇಳಿದ ಹಳ್ಳಿಯ ಲೆಕ್ಕವೇ. ಅಂದರೆ ನಿಜವಾದ ಗದ್ದೆ ಅದನ್ನು ಎಂದೂ ಮೀರುವುದಿಲ್ಲ. ಮುಗಿಯಿತು.

ಈ ಲೆಕ್ಕ ಬಹಳ ಹಳೆಯದು. ಈಜಿಪ್ಟಿನ ಎಡ್ಫು ದೇವಸ್ಥಾನದ ಗೋಡೆಯ ಮೇಲೆ ಬರೆದಿರುವ ಜಮೀನಿನ ವಿವರಗಳಲ್ಲಿ ಇದೇ ಲೆಕ್ಕವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲೂ ಇದೆ. ವ್ಯವಹಾರದ ಒರಟು ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದು ಅವರು ಆಗಲೇ ವಿಂಗಡಿಸಿದ್ದರು. ಆದರೆ ಆ ಗ್ರಂಥದಲ್ಲಿರುವುದು ಸೂತ್ರ ಮತ್ತು ಉದಾಹರಣೆಗಳು. "ಯಾಕೆ" ಎಂಬುದನ್ನು ಓದುವವರೇ ಹುಡುಕಿಕೊಳ್ಳಬೇಕು.

ಈಗ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ಕಡೆ ಬನ್ನಿ. ಅವರ ಪುಸ್ತಕದಲ್ಲಿ "ಯಾಕೆ" ಇದೆ. ಸಾಧನೆಯನ್ನು ಅಚ್ಚುಕಟ್ಟಾಗಿ ಬರೆದೂ ಇದೆ. ಆದರೂ ಥೇಲ್ಸ್ ಪ್ರಮೇಯವನ್ನು ಎಷ್ಟೋ ಮಕ್ಕಳು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ಚಿತ್ರದಲ್ಲಿ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಪೆನ್ನು ನಿಂತುಹೋಗುತ್ತದೆ. ಹಾಗಾದರೆ ಆ ಮಗು ಕಲಿತದ್ದು ಅಕ್ಷರಗಳ ಸಾಲು, ಕಾರಣವಲ್ಲ.

ತಪ್ಪು ಮಕ್ಕಳದಲ್ಲ. ನಾವು ಉತ್ತರವನ್ನು ಮೊದಲು ಕೊಟ್ಟು ಅನುಮಾನಕ್ಕೆ ಜಾಗವೇ ಬಿಡುವುದಿಲ್ಲ. ಹಸಿವಾಗುವ ಮೊದಲೇ ಉಣ್ಣಿಸಿದ ಹಾಗೆ. ಇದು ತಿರುಗುಮುರುಗಾಗಬೇಕು. ನಾಲ್ಕು ಸಮ ಕಡ್ಡಿಗಳ ತುದಿ ಕಟ್ಟಿ ಚೌಕ ಮಾಡಿಸಿ. ಒಂದು ಮೂಲೆ ಒತ್ತಿಸಿ. ಕಡ್ಡಿಗಳ ಉದ್ದ ಅಷ್ಟೇ ಇದೆ, ಒಳಗಿನ ಜಾಗ ಕುಗ್ಗುತ್ತಿದೆ. "ಹಂಗಾದ್ರೆ ನಮ್ಮ ಲೆಕ್ಕ ತಪ್ಪಲ್ವಾ ಸಾರ್?" ಎಂದು ಮಗು ಕೇಳಿದ ಮೇಲೆ ಪ್ರಮೇಯ ಹೇಳಿ. ಆಗ ಸಾಧನೆ ಅದಕ್ಕೆ ಬೇಕೆನಿಸುತ್ತದೆ.

ಸಮಯ ಇಲ್ಲ, ಪೋರ್ಷನ್ ಮುಗಿಯಬೇಕು ಎಂದು ಮೇಷ್ಟ್ರುಗಳು ಹೇಳುವುದು ಸುಳ್ಳಲ್ಲ. ಎಲ್ಲ ಪ್ರಮೇಯಕ್ಕೂ ಬೇಡ, ವರ್ಷಕ್ಕೆ ಎರಡು ಮೂರಕ್ಕಾದರೂ ಹೀಗೆ ಮಾಡಬಹುದು.

ಹಳ್ಳಿಯಲ್ಲಿ ಬಹಳ ಮಾತುಗಳನ್ನು ನಾವು ಹೇಳಿದವರ ಮುಖ ನೋಡಿ ನಂಬುತ್ತೇವೆ. ದಲ್ಲಾಳಿ ಹೇಳಿದ, ದೊಡ್ಡವರು ಹೇಳಿದರು, ಮೊಬೈಲಿನಲ್ಲಿ ಬಂತು. ಸಾಧನೆ ಯಾರ ಮುಖವನ್ನೂ ನೋಡುವುದಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ ಹೇಳಿದರೂ, ಮಹಾವೀರಾಚಾರ್ಯರೇ ಹೇಳಿದರೂ, ಹೆಜ್ಜೆ ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು. ಕ್ರಯಪತ್ರಕ್ಕೆ ಸಹಿ ಹಾಕುವ ಮುಂಚೆ ಓರೆ ಅಳತೆಯನ್ನೂ ಹಿಡಿಯಿರಿ ಎಂದು ಅಪ್ಪನಿಗೆ ಧೈರ್ಯವಾಗಿ ಹೇಳುವ ಮಗಳು ನಮಗೆ ಬೇಕು. ಅವಳಿಗೆ ಆ ಧೈರ್ಯ ಉರು ಹೊಡೆದ ಪ್ರಮೇಯದಿಂದ ಬರುವುದಿಲ್ಲ.